ಇಂಗಾಲಕ್ಕೊಂದು ಸುಂಕದ ಕಟ್ಟೆ

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ಸುಂಕದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ಹಾಡು, ನಾಟಕ, ಸನ್ಮಾನಗಳ ನಡುವೆ ತೆರಿಗೆಯ ಕಡತ ಹಿಡಿದು ನಿಲ್ಲುವುದು ಹಬ್ಬದೂಟದ ಎಲೆಗೆ ಕಷಾಯ ಬಡಿಸಿದಂತೆಯೇ ಸರಿ. ಆದರೆ ಮುಂಬಯಿಯ ಕನ್ನಡಿಗರಿಗೆ ಸುಂಕವೆಂಬುದು ಹೊರಗಿನ ಮಾತಲ್ಲ. ಹಡಗು ಕಂಪೆನಿಗಳ ಕಚೇರಿಗಳಲ್ಲಿ ರಫ್ತಿನ ಕಾಗದ ಬರೆದು ಮಕ್ಕಳನ್ನು ಓದಿಸಿದವರು ನಮ್ಮಲ್ಲಿದ್ದಾರೆ. ಬ್ಯಾಂಕುಗಳಲ್ಲಿ ಪರದೇಶದ ಹುಂಡಿಗಳನ್ನು ನೋಡಿಕೊಂಡವರುಂಟು. ಠಾಣೆ, ವಸಯಿ, ಭಿವಂಡಿಗಳಲ್ಲಿ ನಾಲ್ಕು ಯಂತ್ರ ಹೂಡಿಕೊಂಡು, ಹತ್ತು ಹದಿನೈದು ಜನಕ್ಕೆ ಕೆಲಸ ಕೊಟ್ಟು, ತಯಾರಾದ ಮಾಲನ್ನು ನ್ಹಾವಾ ಶೇವಾ ಬಂದರಿನ ದಾರಿ ಹಿಡಿಸುವವರೂ ಉಂಟು. ಇವರ ಹೊಟ್ಟೆಪಾಡಿಗೆ ಸಂಬಂಧಿಸಿದ ಮಾತನ್ನು ಕನ್ನಡದಲ್ಲಿ ಆಡಿಕೊಳ್ಳುವುದೂ ಕನ್ನಡದ ಕೆಲಸವೇ ಎಂದು ನಾವು ತಿಳಿದಿದ್ದೇವೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮಲ್ಲಿ ಗಾದೆಯುಂಟು. ಹಳೆಯ ಸುಂಕದವನಿಗೆ ಗಾಡಿಯಲ್ಲೇನಿದೆ, ಎಷ್ಟಿದೆ ಎಂಬುದಷ್ಟೆ ಬೇಕಾಗಿತ್ತು. ಈಗ ಯೂರೋಪಿನ ಗಡಿಯಲ್ಲಿ ಬಂದು ಕೂತಿರುವ ಹೊಸ ಸುಂಕದವನು ಬೇರೆಯೇ ತೆರನವನು. ಈ ಕಬ್ಬಿಣವನ್ನು ಯಾವ ಬೆಂಕಿಯಲ್ಲಿ ಕಾಯಿಸಿದೆ, ಆ ಬೆಂಕಿಗೆ ಯಾವ ಇದ್ದಲು ಹಾಕಿದೆ, ಅದರಿಂದ ಎಷ್ಟು ಹೊಗೆ ಆಕಾಶಕ್ಕೆ ಹೋಯಿತು ಎಂದು ಅವನು ಕೇಳುತ್ತಾನೆ. ಇದಕ್ಕೆ ಇಂಗಾಲದ ಗಡಿ ತೆರಿಗೆ ಎನ್ನುತ್ತಾರೆ. ಇದರ ಹುಟ್ಟು, ನಡೆ, ಲಾಭ, ಅನ್ಯಾಯ ಇವುಗಳನ್ನು ನಮಗೆ ತಿಳಿದ ಮಟ್ಟಿಗೆ ತಮ್ಮ ಮುಂದಿಡುತ್ತೇವೆ.

ಇದರ ಬೇರು ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಪಿಗೂ ಅವರು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಒಬ್ಬನ ಉದ್ಯೋಗದಿಂದ ನೆರೆಯವರಿಗೆ ಹಾನಿಯಾಗುತ್ತಿದ್ದು ಆ ಹಾನಿಯ ಬೆಲೆ ಅವನ ಲೆಕ್ಕದ ಪುಸ್ತಕದಲ್ಲಿ ಬರದಿದ್ದರೆ, ಸರಕಾರವು ತೆರಿಗೆಯ ಮೂಲಕ ಅದನ್ನು ಬರುವಂತೆ ಮಾಡಬೇಕು ಎಂಬುದು ಅವರ ವಾದ. ಯೂರೋಪಿನ ಒಕ್ಕೂಟವು ೨೦೦೫ರಲ್ಲಿ ಈ ವಿಚಾರಕ್ಕೆ ಮಾರುಕಟ್ಟೆಯ ರೂಪ ಕೊಟ್ಟಿತು. ದೊಡ್ಡ ಕಾರ್ಖಾನೆಗಳೂ ವಿದ್ಯುದಾಗಾರಗಳೂ ಒಟ್ಟಾಗಿ ಇಷ್ಟೇ ಟನ್ನು ಇಂಗಾಲದ ಡೈ ಆಕ್ಸೈಡನ್ನು ಬಿಡಬಹುದೆಂದು ಮಿತಿ ಹಾಕಿ, ಟನ್ನಿಗೊಂದರಂತೆ ಪರವಾನೆ ಚೀಟಿಗಳನ್ನು ಹೊರಡಿಸಿತು. ಹೆಚ್ಚು ಹೊಗೆ ಬಿಡುವವನು ಚೀಟಿ ಕೊಳ್ಳಬೇಕು. ಕಡಮೆ ಬಿಡುವವನು ಉಳಿದುದನ್ನು ಮಾರಬಹುದು. ಚೀಟಿಯ ಬೆಲೆ ಬಹುಕಾಲ ನೆಲಕಚ್ಚಿಕೊಂಡಿದ್ದು, ೨೦೨೩ರ ಫೆಬ್ರವರಿಯಲ್ಲಿ ಟನ್ನಿಗೆ ೧೦೦ ಯೂರೋ ದಾಟುವವರೆಗೂ ಏರಿತು.

ಆಗ ಒಂದು ಭಯ ಹುಟ್ಟಿತು. ಅಲ್ಲಿಯ ಉಕ್ಕಿನ ಕಾರ್ಖಾನೆ ಹೊಗೆಗೆ ಹಣ ತೆರಬೇಕು, ಹೊರನಾಡಿನದು ತೆರಬೇಕಾಗಿಲ್ಲ ಎಂದಾದರೆ ಕಾರ್ಖಾನೆಗಳೇ ಗಂಟು ಕಟ್ಟಿಕೊಂಡು ಹೊರನಾಡಿಗೆ ಹೋದಾವು. ಹೊಗೆ ಕಡಮೆಯಾಗದೆ ಊರು ಮಾತ್ರ ಬದಲಾದೀತು. ಈ ಭಯದಿಂದ ಮೊದಲು ತಮ್ಮ ಕಾರ್ಖಾನೆಗಳಿಗೆ ಚೀಟಿಗಳನ್ನು ಪುಕ್ಕಟೆಯಾಗಿ ಹಂಚಿದರು. ಪುಕ್ಕಟೆ ಕೊಟ್ಟ ಮೇಲೆ ಹೊಗೆ ತಗ್ಗಿಸುವ ಅವಸರ ಯಾರಿಗಿರುತ್ತದೆ? ಆದುದರಿಂದ ಪುಕ್ಕಟೆ ಚೀಟಿಗಳನ್ನು ಹಂತಹಂತವಾಗಿ ನಿಲ್ಲಿಸಿ, ಅದೇ ಪ್ರಮಾಣದಲ್ಲಿ ಹೊರಗಿನ ಸರಕಿಗೂ ಬೆಲೆ ಕಟ್ಟುವ ಕಾನೂನು ಮಾಡಿದರು. ಅದು ೨೦೨೩ರ ಮೇ ೧೭ರಂದು ಜಾರಿಗೆ ಬಂದಿತು. ಆ ವರ್ಷದ ಅಕ್ಟೋಬರಿನಿಂದ ೨೦೨೫ರ ಕೊನೆಯವರೆಗೆ ಲೆಕ್ಕ ಮಾತ್ರ ಒಪ್ಪಿಸಬೇಕಾಗಿತ್ತು. ೨೦೨೬ರ ಜನವರಿ ೧ರಿಂದ ಹೋದ ಮಾಲಿಗೆ ಹಣವೂ ಸಲ್ಲಬೇಕು. ಕಬ್ಬಿಣ ಮತ್ತು ಉಕ್ಕು, ಅಲ್ಯುಮಿನಿಯಂ, ಸಿಮೆಂಟು, ರಾಸಾಯನಿಕ ಗೊಬ್ಬರ, ಜಲಜನಕ, ವಿದ್ಯುತ್ತು ಈ ಆರು ಬಾಬುಗಳು ಸದ್ಯಕ್ಕೆ ಇದರ ಬಲೆಯೊಳಗಿವೆ. ಬ್ರಿಟನ್ನು ಇಂಥದೇ ತೆರಿಗೆಗೆ ೨೦೨೭ರ ಜನವರಿ ೧ರ ಮುಹೂರ್ತವಿಟ್ಟಿದೆ.

ನಮಗೆ ಮುಖ್ಯವಾದುದು ಕಬ್ಬಿಣ. ಕಬ್ಬಿಣಕ್ಕೂ ಇಂಗಾಲಕ್ಕೂ ಇರುವ ನಂಟು ಅಡಿಗೆಗೂ ಸೌದೆಗೂ ಇರುವಂಥದಲ್ಲ, ಅದಕ್ಕಿಂತ ಒಳಗಿನದು. ಅದಿರೆಂದರೆ ಆಮ್ಲಜನಕದೊಡನೆ ಬೆಸೆದುಕೊಂಡ ಕಬ್ಬಿಣ. ಅದನ್ನು ಬಿಡಿಸಲು ಆಮ್ಲಜನಕವನ್ನು ಸೆಳೆದುಕೊಳ್ಳುವ ಇನ್ನೊಂದು ವಸ್ತು ಬೇಕು. ಊದುಕುಲುಮೆಯಲ್ಲಿ ಆ ಕೆಲಸ ಮಾಡುವುದು ಕೋಕು, ಅಂದರೆ ಕಲ್ಲಿದ್ದಲಿನ ಇಂಗಾಲ. ಕಬ್ಬಿಣವನ್ನು ಬಿಟ್ಟುಬಂದ ಆಮ್ಲಜನಕ ಇಂಗಾಲವನ್ನು ಕೂಡಿಕೊಂಡು ಹೊಗೆಯಾಗಿ ಹೋಗುತ್ತದೆ. ಬಳ್ಳಾರಿ ಸೀಮೆಯ ಅದಿರು ತೋರಣಗಲ್ಲಿನ ಕುಲುಮೆಯಲ್ಲಿ ಉಕ್ಕಿನ ದಾರಿ ಹಿಡಿಯುವಾಗ ನಡೆಯುವುದೂ ಇದೇ. ಕುಲುಮೆಗೆ ಎಷ್ಟು ಜಾಣತನದಿಂದ ಗಾಳಿ ಊದಿದರೂ ಈ ಹೊಗೆ ತಗ್ಗುವುದಕ್ಕೆ ಒಂದು ಮಿತಿಯುಂಟು. ಅದರಾಚೆಗೆ ಹೋಗಬೇಕಾದರೆ ಹಳೆಯ ಗುಜರಿ ಕಬ್ಬಿಣವನ್ನು ವಿದ್ಯುತ್ತಿನಿಂದ ಕರಗಿಸಬೇಕು, ಇಲ್ಲವೆ ಇಂಗಾಲದ ಕೆಲಸವನ್ನು ಜಲಜನಕಕ್ಕೆ ಒಪ್ಪಿಸಬೇಕು. ಯೂರೋಪಿನಲ್ಲಿ ಇನ್ನೂರು ವರ್ಷಗಳ ಗುಜರಿ ಬಿದ್ದಿದೆ. ನಮ್ಮ ಸೇತುವೆಗಳೂ ಕಟ್ಟಡಗಳೂ ಇನ್ನೂ ಎಳೆಯವು. ಅವು ಗುಜರಿಯಾಗಲು ನಮ್ಮ ಮೊಮ್ಮಕ್ಕಳ ಕಾಲ ಬರಬೇಕು. ಭಾರತದಲ್ಲಿ ಒಂದು ಟನ್ನು ಉಕ್ಕಿಗೆ ಸರಾಸರಿ ಸುಮಾರು ೨.೫ ಟನ್ನು ಇಂಗಾಲದ ಡೈ ಆಕ್ಸೈಡು ಹೊರಡುವುದಕ್ಕೂ, ಜಗತ್ತಿನ ಸರಾಸರಿ ೨ ಟನ್ನಿಗಿಂತ ಕೊಂಚ ಕೆಳಗಿರುವುದಕ್ಕೂ ಇದು ದೊಡ್ಡ ಕಾರಣ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು ದುಡಿದು ನಿಲ್ಲಿಸಿದ ಭದ್ರಾವತಿಯ ಕಾರ್ಖಾನೆ ೧೯೨೩ರಲ್ಲಿ ಕಬ್ಬಿಣ ಹೊರಡಿಸತೊಡಗಿದಾಗ ಅಲ್ಲಿ ಉರಿದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಕಟ್ಟಿಗೆಯಿಂದ ಮಾಡಿದ ಇದ್ದಲು. ಹವಾಮಾನದ ಚಿಂತೆಯಿಂದ ಹಾಗೆ ಮಾಡಿದರೆಂದಲ್ಲ, ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ. ಕಡಿದ ಕಾಡು ಮತ್ತೆ ಬೆಳೆಯುವುದಾದರೆ ಅಂಥ ಇದ್ದಲಿನ ಹೊಗೆಗೆ ಇಂದಿನ ಲೆಕ್ಕದಲ್ಲಿ ಬೆಲೆಯಿಲ್ಲ. ಕಾಡು ಮತ್ತೆ ಬೆಳೆಯುವುದೆ ಎಂಬ ಪ್ರಶ್ನೆಯನ್ನು ಮಲೆನಾಡಿನವರನ್ನೇ ಕೇಳಬೇಕು.

ಇನ್ನು ಹಣದ ಲೆಕ್ಕ. ಮೊದಲ ವರ್ಷ ಶೇಕಡಾ ೨.೫ ಮಾತ್ರ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಈ ಸಮಾಧಾನದಲ್ಲಿ ಒಂದು ತೊಡಕಿದೆ. ಅದನ್ನು ಬಿಡಿಸಿ ನೋಡುವುದು ಒಳ್ಳೆಯದು. ಯೂರೋಪಿನ ಒಳ್ಳೆಯ ಕಾರ್ಖಾನೆಯೊಂದು ಇಷ್ಟು ಹೊಗೆಯಲ್ಲಿ ಉಕ್ಕು ಮಾಡಬಲ್ಲದು ಎಂದು ಒಂದು ಮಾನದಂಡವಿಟ್ಟುಕೊಂಡಿದ್ದಾರೆ. ಶೇಕಡಾ ೨.೫ ಎಂಬ ಮಾತು ಆ ಮಾನದಂಡದೊಳಗಿನ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಅದಕ್ಕೆ ಮೀರಿದ ಹೊಗೆಗೆ ಮೊದಲ ದಿನದಿಂದಲೇ ಪೂರ್ಣ ಬೆಲೆ. ಉದಾಹರಣೆಗೆಂದು ಕೆಲವು ಅಂಕಿಗಳನ್ನು ಹಿಡಿಯೋಣ. ನಮ್ಮ ಉಕ್ಕು ಟನ್ನಿಗೆ ೨.೫ ಟನ್ನು ಹೊಗೆಯದು, ಮಾನದಂಡ ೧.೪, ಚೀಟಿಯ ಬೆಲೆ ೭೫ ಯೂರೋ ಎಂದಿಟ್ಟುಕೊಳ್ಳಿ. ಮಾನದಂಡದ ಶೇಕಡಾ ೯೭.೫ ಭಾಗಕ್ಕೆ ಮಾಫಿ, ಅದು ೧.೩೬೫. ಉಳಿದ ೧.೧೩೫ ಟನ್ನಿಗೆ ೮೫ ಯೂರೋ ತೆರಬೇಕು. ಮಾಫಿಯು ೨೦೩೦ರಲ್ಲಿ ಅರ್ಧಕ್ಕೆ ಇಳಿದು ೨೦೩೪ರಲ್ಲಿ ಇಲ್ಲವಾದಾಗ ಅದೇ ಟನ್ನಿಗೆ ೧೮೭ ಯೂರೋ ಮೀರುತ್ತದೆ. ಒಂದು ಟನ್ನು ಸಾಧಾರಣ ಉಕ್ಕಿಗೆ ಅಲ್ಲಿ ಆರೇಳು ನೂರು ಯೂರೋ ಬೆಲೆಯಿದ್ದರೆ, ಕಾಲುಭಾಗಕ್ಕಿಂತ ಹೆಚ್ಚು ಹೊಗೆಗೇ ಹೋಯಿತು. ಕಾನೂನಿನಂತೆ ಹಣ ಕಟ್ಟಬೇಕಾದವನು ಅಲ್ಲಿಯ ಆಮದುದಾರ. ಅವನು ಅದನ್ನು ನಮ್ಮ ಮಾಲಿನ ಬೆಲೆಯಲ್ಲಿ ಕಡಿದುಕೊಳ್ಳದೆ ಬಿಡುವನೆಂದು ನಂಬುವಷ್ಟು ಮುಗ್ಧರು ನಾವಲ್ಲ.

ದೊಡ್ಡ ಕಾರ್ಖಾನೆಗಳಿಗೆ ಇದನ್ನು ತಾಳಿಕೊಳ್ಳುವ ಬಲವುಂಟು. ಅವರಲ್ಲಿ ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ. ಸಣ್ಣವನ ಪಾಡೇನು? ವಸಯಿಯಲ್ಲಿ ಬೋಲ್ಟು ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಈ ತೆರಿಗೆಯ ಪಟ್ಟಿಯಲ್ಲಿ ನಟ್ಟು, ಬೋಲ್ಟು, ತಿರುಪುಗಳೂ ಸೇರಿವೆ. ಬೋಲ್ಟಿನ ಹೊಗೆಯ ಬಹುಪಾಲು ಬೋಲ್ಟು ಮಾಡಿದವನದಲ್ಲ. ಅವನು ಕೊಂಡುತಂದ ವೈರ್ ರಾಡಿನಲ್ಲಿ ಅದು ಆಗಲೇ ಅಡಗಿ ಬಂದಿರುತ್ತದೆ. ಆ ರಾಡನ್ನು ಮಾಡಿದ ಕಾರ್ಖಾನೆ ಯಾವುದು, ಅದಿರಿನಿಂದ ಮಾಡಿದರೋ ಗುಜರಿಯಿಂದ ಮಾಡಿದರೋ, ಟನ್ನಿಗೆ ಎಷ್ಟು ಹೊಗೆ ಎಂಬ ಕಾಗದವನ್ನು ಅವನು ತರಬೇಕು. ಅವನು ಕೊಳ್ಳುವುದು ಕಳಂಬೋಲಿಯ ಉಕ್ಕಿನ ಪೇಟೆಯಲ್ಲಿ ವ್ಯಾಪಾರಿಯಿಂದ. ವ್ಯಾಪಾರಿ ಕೊಂಡದ್ದು ಮತ್ತೊಬ್ಬನಿಂದ. ತಿಂಗಳಿಗೆ ಇಪ್ಪತ್ತು ಟನ್ನಿನ ಗಿರಾಕಿ ಕಾಗದ ಕೇಳಿದರೆ ದೊಡ್ಡ ಕಾರ್ಖಾನೆಯವರು ಉತ್ತರ ಬರೆಯುವುದುಂಟೆ? ಕಾಗದ ಸಿಕ್ಕಿದರೂ ಮಾನ್ಯತೆ ಪಡೆದ ಪರಿಶೋಧಕನಿಂದ ರುಜುವಾತಾಗಬೇಕು, ಅವನಿಗೆ ಶುಲ್ಕ ಕೊಡಬೇಕು. ಕಾಗದ ಸಿಗದಿದ್ದರೆ ಅವರೇ ಇಟ್ಟುಕೊಂಡ ಅಂಕಿಯ ಮೇಲೆ ಲೆಕ್ಕ; ಆ ಅಂಕಿಯನ್ನು ಬೇಕೆಂದೇ ಸ್ವಲ್ಪ ಏರಿಸಿಟ್ಟಿದ್ದಾರೆ. ಗುಜರಿಯಿಂದ ಮಾಡಿದ ರಾಡಿನ ಬೋಲ್ಟು ಕಳಿಸಿದವನೂ ಕಾಗದವಿಲ್ಲದ ತಪ್ಪಿಗೆ ಕಲ್ಲಿದ್ದಲ ಕುಲುಮೆಯವನ ತೆರಿಗೆ ಹೊರಬೇಕಾದೀತು.

ಸಣ್ಣವರಿಗೆ ವಿನಾಯಿತಿ ಉಂಟಲ್ಲ ಎನ್ನಬಹುದು. ಉಂಟು. ವರ್ಷಕ್ಕೆ ೫೦ ಟನ್ನಿಗಿಂತ ಕಡಮೆ ತರಿಸುವವರನ್ನು ೨೦೨೫ರ ತಿದ್ದುಪಡಿಯಲ್ಲಿ ಬಿಟ್ಟಿದ್ದಾರೆ. ಆದರೆ ಆ ೫೦ ಟನ್ನು ಅಲ್ಲಿ ತರಿಸುವವನ ಲೆಕ್ಕ, ಇಲ್ಲಿಂದ ಕಳಿಸುವವನ ಲೆಕ್ಕವಲ್ಲ. ನಮ್ಮ ವಸಯಿಯವನು ಹತ್ತೇ ಟನ್ನು ಕಳಿಸಿದರೂ ಅವನ ಗಿರಾಕಿ ದೊಡ್ಡ ಕಂಪೆನಿಯಾಗಿದ್ದರೆ ವಿನಾಯಿತಿಯಿಲ್ಲ. ಅಲ್ಲಿಯ ಸಣ್ಣವನಿಗೆ ನೆರಳು ಸಿಕ್ಕಿತು, ಇಲ್ಲಿಯವನು ಬಿಸಿಲಿನಲ್ಲೇ ಉಳಿದ. ಇನ್ನೊಂದು ವಿಚಿತ್ರ: ಉಕ್ಕಿನ ವಿಷಯದಲ್ಲಿ ಸದ್ಯಕ್ಕೆ ಕುಲುಮೆಯಿಂದ ನೇರವಾಗಿ ಹೊರಟ ಹೊಗೆಗೆ ಮಾತ್ರ ಲೆಕ್ಕ, ಕೊಂಡ ವಿದ್ಯುತ್ತಿನ ಹಿಂದಿನ ಹೊಗೆಗಲ್ಲ. ಕಾರ್ಖಾನೆಯ ಮಾಡಿನ ಮೇಲೆ ಸೂರ್ಯಶಕ್ತಿಯ ಫಲಕ ಹಾಕಿಸಿದರೆ ಸುಂಕ ಇಳಿದೀತೆಂದು ಯಾರಾದರೂ ಸಾಲ ಮಾಡುವವರಿದ್ದರೆ ಇದನ್ನು ಮೊದಲು ತಿಳಿದುಕೊಳ್ಳಬೇಕು. ಕರೆಂಟು ಬಿಲ್ಲು ಇಳಿದೀತು, ಸುಂಕ ಇಳಿಯದು.

ಮುಂಬಯಿಗೆ ಇಂಥ ಸಮತೆಯ ಸುಂಕದ ಹಳೆಯ ಅನುಭವವುಂಟು. ೧೮೯೬ರಲ್ಲಿ ಬ್ರಿಟಿಷ್ ಸರಕಾರವು ವಿಲಾಯತಿ ಬಟ್ಟೆಯ ಮೇಲೆ ಶೇಕಡಾ ೩.೫ ಆಮದು ಸುಂಕ ಹಾಕಿದಾಗ, ಲ್ಯಾಂಕಷೈರಿನವರಿಗೆ ಅನ್ಯಾಯವಾಗಬಾರದೆಂದು ಇಲ್ಲಿಯ ಗಿರಣಿಗಳ ಬಟ್ಟೆಯ ಮೇಲೂ ಅಷ್ಟೇ ಅಬಕಾರಿ ಹೇರಿತು. ಇಬ್ಬರನ್ನೂ ಸಮವಾಗಿ ನಿಲ್ಲಿಸುವುದೇ ಉದ್ದೇಶವೆಂದು ಹೇಳಿದರು. ಈ ಸಮತೆಯನ್ನು ತೆಗೆದುಹಾಕಿಸಲು ಪರೇಲು ಲಾಲಬಾಗಿನ ಗಿರಣಿಗಳು ೧೯೨೫ರ ಡಿಸೆಂಬರಿನವರೆಗೆ ಕಾಯಬೇಕಾಯಿತು. ಇಂದಿನ ತೆರಿಗೆಯನ್ನು ಕುರಿತು ಮಾತಾಡುವವರು ಆ ಕತೆಯನ್ನು ಎತ್ತುತ್ತಾರೆ. ನಮಗೆ ಆ ಹೋಲಿಕೆ ಅರ್ಧ ಮಾತ್ರ ಸರಿಯೆನಿಸುತ್ತದೆ. ಅಂದು ಪರರು ನಮ್ಮ ಮನೆಯೊಳಗೆ ಬಂದು ನಮ್ಮ ಮಗ್ಗಕ್ಕೆ ತೆರಿಗೆ ಹಾಕಿದರು. ಇಂದು ಅವರು ತಮ್ಮ ಬಾಗಿಲಲ್ಲಿ ನಿಂತು, ತಮ್ಮವರಿಗೂ ಹಾಕುವ ತೆರಿಗೆಯನ್ನು ಒಳಗೆ ಬರುವವರಿಗೂ ಹಾಕುತ್ತಿದ್ದಾರೆ. ಹೊಗೆ ಸುಳ್ಳಲ್ಲ, ಬಿಸಿಲೇರಿದರೆ ಕಲಬುರ್ಗಿ ರಾಯಚೂರುಗಳಿಗಿಂತ ಮೊದಲು ಬ್ರಸೆಲ್ಸಿಗೆ ಏರುವುದಿಲ್ಲ. ಲೆಕ್ಕ ಕೇಳುವುದೇ ತಪ್ಪೆಂದು ನಾವು ಹೇಳಲಾರೆವು.

ಲೋಕದ ವ್ಯಾಪಾರದ ಕಾನೂನಿನಲ್ಲಿ ಇದು ನಿಲ್ಲುವುದೆ? ೧೯೪೭ರ ಒಪ್ಪಂದದಂತೆ ಹೊರಗಿನ ಮಾಲಿಗೆ ಒಳಗಿನ ಮಾಲಿಗಿಂತ ಹೆಚ್ಚು ತೆರಿಗೆ ಹಾಕಬಾರದು. ಆದರೆ ಮುಗಿದುಹೋಗುವ ನಿಸರ್ಗಸಂಪತ್ತನ್ನು ಕಾಪಾಡುವುದಕ್ಕಾಗಿ ಇಪ್ಪತ್ತನೆಯ ವಿಧಿಯಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ಕಡಲಾಮೆ ಸಿಕ್ಕದಂಥ ಬಲೆ ಬಳಸದೆ ಹಿಡಿದ ಸಿಗಡಿಯನ್ನು ಅಮೆರಿಕ ತಡೆದಾಗ ಭಾರತ, ಪಾಕಿಸ್ತಾನ, ಮಲೇಷ್ಯ, ಥಾಯ್ಲೆಂಡುಗಳು ದೂರು ಕೊಟ್ಟವು. ೧೯೯೮ರ ತೀರ್ಪಿನಲ್ಲಿ ಅಮೆರಿಕ ಸೋತಿತು. ಕೆಲವು ದೇಶಗಳೊಡನೆ ಮಾತಾಡಿ ಕಾಲಾವಕಾಶ ಕೊಟ್ಟು, ನಮಗೆ ಕೊಡಲಿಲ್ಲವೆಂಬುದು ಅದಕ್ಕೊಂದು ಕಾರಣ. ಆದರೆ ಆಮೆಯನ್ನು ಕಾಯುವ ಗುರಿ ಸರಿಯಾದುದೇ ಎಂದು ಅದೇ ತೀರ್ಪು ಒಪ್ಪಿತು. ತಿದ್ದಿದ ನಿಯಮವನ್ನು ೨೦೦೧ರಲ್ಲಿ ಎತ್ತಿಹಿಡಿಯಿತು. ಸರಕು ಮಾತ್ರವಲ್ಲ, ಅದು ಸಿದ್ಧವಾದ ಬಗೆಯೂ ಗಡಿಯಲ್ಲಿ ಪ್ರಶ್ನೆಗೆ ಒಳಗಾಗಬಹುದು ಎಂಬ ತತ್ವ ಅಂದೇ ಒಳಗೆ ಬಂದಿತು. ನಮ್ಮ ಮಟ್ಟಿಗೆ ಅದು ಗೆದ್ದು ಸೋತ ಮೊಕದ್ದಮೆ. ಈ ತೆರಿಗೆಯ ಮೇಲೆ ರಷ್ಯವು ೨೦೨೫ರ ಮೇ ತಿಂಗಳಲ್ಲಿ ದೂರು ಕೊಟ್ಟಿತು. ಕೊನೆಯ ಮಾತು ಹೇಳಬೇಕಾದ ಮೇಲ್ಮನವಿಯ ಪೀಠ ನ್ಯಾಯಾಧೀಶರಿಲ್ಲದೆ ೨೦೧೯ರ ಡಿಸೆಂಬರಿನಲ್ಲೇ ನಿಂತುಹೋಯಿತು.

ನಮ್ಮ ಬಲವಾದ ಆಕ್ಷೇಪಣೆ ಬೇರೆ ಕಡೆಯಿದೆ. ೧೯೯೨ರ ಹವಾಮಾನ ಒಡಂಬಡಿಕೆಯಲ್ಲಿ ಎಲ್ಲರಿಗೂ ಹೊಣೆಯುಂಟು, ಆದರೆ ಸಮನಾದ ಹೊಣೆಯಲ್ಲ ಎಂದು ಎಲ್ಲರೂ ರುಜು ಹಾಕಿದ್ದಾರೆ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು ೨ ಟನ್ನು ಹೊಗೆ. ಯೂರೋಪಿನಲ್ಲಿ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಹಳೆಯ ಹೊಗೆಯ ಲೆಕ್ಕ ತೆಗೆದರೆ ಅಂತರ ಇನ್ನೂ ದೊಡ್ಡದು. ಗಡಿಯಲ್ಲಿ ಕೂತವನ ತಕ್ಕಡಿಯಲ್ಲಿ ಇಂದಿನ ಟನ್ನು ಮಾತ್ರ ತೂಗುತ್ತದೆ, ನಿನ್ನೆಯದು ತೂಗುವುದಿಲ್ಲ. ಅಲ್ಲದೆ ಹಣ ಯಾರ ಚೀಲಕ್ಕೆ ಹೋಗುತ್ತದೆ? ಅವರದಕ್ಕೇ. ಕಾನೂನಿನ ಪೀಠಿಕೆಯಲ್ಲಿ ಬಡದೇಶಗಳಿಗೆ ನೆರವಾಗುವ ಸವಿಮಾತುಗಳುಂಟು. ಬಂದ ಹಣವನ್ನು ಅದಕ್ಕಾಗಿ ಎತ್ತಿಡಬೇಕೆಂಬ ಕಟ್ಟಳೆಯಿಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ೨೦೨೧ರಲ್ಲಿ ಒಂದು ಅಂದಾಜು ಮಾಡಿತ್ತು: ಟನ್ನಿಗೆ ೪೪ ಡಾಲರ್ ಬೆಲೆಯಿದ್ದರೆ ಈ ತೆರಿಗೆಯಿಂದ ಮುಂದುವರಿದ ದೇಶಗಳ ಆದಾಯ ೨೫೦ ಕೋಟಿ ಡಾಲರ್ ಏರುತ್ತದೆ, ಹಿಂದುಳಿದವುಗಳದು ೫೯೦ ಕೋಟಿ ಇಳಿಯುತ್ತದೆ, ಜಗತ್ತಿನ ಹೊಗೆ ತಗ್ಗುವುದು ಶೇಕಡಾ ೦.೧ ಮಾತ್ರ.

ಹೊಗೆ ಇಷ್ಟು ಕಡಮೆ ತಗ್ಗಲು ಕಾರಣವನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ರತ್ನಾಗಿರಿಯ ಆಪೂಸು ಬಂದಾಗ ಒಳ್ಳೆಯ ಹಣ್ಣು ಪೆಟ್ಟಿಗೆಯಲ್ಲಿ ದುಬೈಗೆ, ಲಂಡನ್ನಿಗೆ ಹೋಗುತ್ತದೆ. ಉಳಿದದ್ದು ನಮ್ಮ ಓಣಿಯ ಗಾಡಿಗೆ. ಗುಜರಿಯಿಂದ ಮಾಡಿದ ಉಕ್ಕನ್ನು ಯೂರೋಪಿಗೆ ಕಳಿಸಿ, ಕಲ್ಲಿದ್ದಲಿನದನ್ನು ತೆರಿಗೆಯಿಲ್ಲದ ಕಡೆಗೆ ಮಾರಿದರೆ ಕಾಗದ ಶುದ್ಧವಾಯಿತು, ಆಕಾಶ ಇದ್ದಂತೆಯೇ ಇತ್ತು. ಆದರೂ ಪರಿಣಾಮವೇ ಇಲ್ಲವೆನ್ನುವುದು ಸತ್ಯವಲ್ಲ. ಚೀನವು ೨೦೨೫ರಲ್ಲಿ ತನ್ನ ಇಂಗಾಲದ ಮಾರುಕಟ್ಟೆಗೆ ಉಕ್ಕು, ಸಿಮೆಂಟು, ಅಲ್ಯುಮಿನಿಯಂಗಳನ್ನು ಸೇರಿಸಿತು. ತುರ್ಕಿಯು ಅದೇ ವರ್ಷ ಹವಾಮಾನದ ಕಾನೂನು ಮಾಡಿ ಇಂಗಾಲದ ಮಾರುಕಟ್ಟೆಗೆ ಬುನಾದಿ ಹಾಕಿತು. ಇವರನ್ನು ಎಬ್ಬಿಸಿದ್ದರಲ್ಲಿ ಯೂರೋಪಿನ ಸುಂಕದ ಕಟ್ಟೆಗೂ ಪಾಲುಂಟು.

ಏಕೆಂದರೆ ಆ ಕಾನೂನಿನಲ್ಲಿ ಒಂದು ಬಾಗಿಲಿದೆ. ಮಾಲು ತಯಾರಾದ ದೇಶದಲ್ಲಿಯೇ ಇಂಗಾಲಕ್ಕೆಂದು ನಿಜವಾಗಿ ತೆತ್ತ ಬೆಲೆಯನ್ನು ಸುಂಕದಲ್ಲಿ ಕಳೆದುಕೊಳ್ಳಬಹುದು. ಬ್ರಸೆಲ್ಸಿಗೆ ಹೋಗುವ ರೂಪಾಯಿ ದೆಹಲಿಯಲ್ಲಿ ಉಳಿಯಬಹುದೆಂದಾಯಿತು. ನಮ್ಮಲ್ಲಿ ಅಂಥ ಬೆಲೆಯುಂಟೆ? ೨೦೧೦ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ ೫೦ ರೂಪಾಯಿ ಸೆಸ್ ಹಾಕಿದರು. ಶುದ್ಧ ಶಕ್ತಿಗೆಂದೇ ಹಾಕಿದ್ದು. ೨೦೧೬ರಲ್ಲಿ ಅದು ೪೦೦ ಆಯಿತು. ೨೦೧೭ರಲ್ಲಿ ಜಿ.ಎಸ್.ಟಿ. ಬಂದಾಗ ರಾಜ್ಯಗಳ ನಷ್ಟ ತುಂಬುವ ಸೆಸ್ಸಿನೊಳಗೆ ಕರಗಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಆ ಸೆಸ್ಸೂ ಹೋಗಿ ಕಲ್ಲಿದ್ದಲಿಗೆ ಶೇಕಡಾ ೫ರ ಬದಲು ೧೮ ಜಿ.ಎಸ್.ಟಿ. ಬಂದಿತು. ಒಂದು ಟನ್ನು ಕಲ್ಲಿದ್ದಲು ಒಂದೂವರೆ ಟನ್ನು ಹೊಗೆಯಾಗುತ್ತದೆಂದು ಹಿಡಿದರೂ ಆ ೪೦೦ ರೂಪಾಯಿ ಹೊಗೆಯ ಟನ್ನಿಗೆ ಮೂರು ಯೂರೋದಷ್ಟೆ. ೨೦೨೨ರಲ್ಲಿ ಶಕ್ತಿಸಂರಕ್ಷಣೆಯ ಕಾನೂನನ್ನು ತಿದ್ದಿ, ೨೦೨೩ರಲ್ಲಿ ಇಂಗಾಲದ ಮಾರುಕಟ್ಟೆಯೊಂದನ್ನು ಘೋಷಿಸಿದ್ದಾರೆ. ಅದರಲ್ಲಿ ಗೊತ್ತುಮಾಡಿದ ಪ್ರಮಾಣಕ್ಕೆ ಮೀರಿದ ಹೊಗೆಗೆ ಮಾತ್ರ ಚೀಟಿ ಕೊಳ್ಳಬೇಕು; ಎಲ್ಲ ಹೊಗೆಗೂ ಬೆಲೆಯಿಲ್ಲ. ಹೀಗಾಗಿ ಕಳೆಯಬಹುದಾದ ಮೊತ್ತವೂ ಸಣ್ಣದೇ. ಯೂರೋಪಿನೊಡನೆ ಮುಕ್ತ ವ್ಯಾಪಾರದ ಮಾತುಕತೆ ೨೦೨೬ರ ಜನವರಿ ೨೭ರಂದು ಮುಗಿಯಿತೆಂದು ಸಾರಿದಾಗಲೂ ಈ ತೆರಿಗೆಯಿಂದ ಭಾರತಕ್ಕೆ ವಿನಾಯಿತಿ ಸಿಗಲಿಲ್ಲ.

ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ಅಂತಾರಾಷ್ಟ್ರೀಯ ಸಭೆಗಳಲ್ಲಿ ನಮ್ಮ ಸರಕಾರ ಅನ್ಯಾಯವೆಂದು ಕೂಗುವುದು ನ್ಯಾಯವಾಗಿಯೇ ಇದೆ, ಕೂಗುತ್ತಿರಲಿ. ಅದರೊಡನೆ ಉಕ್ಕಿನ ಹೊಗೆಗೆ ಇಲ್ಲಿಯೇ ಗಣನೀಯವಾದ ಬೆಲೆ ಕಟ್ಟಿ, ಬಂದ ಹಣವನ್ನು ಇಲ್ಲಿಯ ಕುಲುಮೆಗಳನ್ನು ಬದಲಿಸುವುದಕ್ಕೇ ಮೀಸಲಿಡಬೇಕು. ಕಲ್ಲಿದ್ದಲ ಸೆಸ್ಸಿಗೆ ಬಂದ ಗತಿ ಅದಕ್ಕೆ ಬರಬಾರದು. ಇದರಿಂದ ದೇಶದೊಳಗೆ ಮಾರುವ ಉಕ್ಕಿನ ಬೆಲೆಯೂ ಏರಬಹುದು, ಮನೆ ಕಟ್ಟುವವನಿಗೂ ಅದರ ಬಿಸಿ ತಟ್ಟಬಹುದು. ಆ ಮಾತನ್ನು ಮರೆಮಾಚಿ ಈ ಸಲಹೆ ಕೊಡುವುದು ಸರಿಯಲ್ಲ. ಎರಡನೆಯದಾಗಿ, ವೈರ್ ರಾಡು, ತಗಡು, ಸಲಾಕೆ ಮಾರುವ ಪ್ರತಿಯೊಂದು ದೊಡ್ಡ ಕಾರ್ಖಾನೆಯೂ ಬಿಲ್ಲಿನ ಜೊತೆಗೇ ಟನ್ನಿನ ಹೊಗೆಯ ಅಂಕಿಯನ್ನು ಬರೆದುಕೊಡಬೇಕೆಂದು ಸರಕಾರವೇ ಕಡ್ಡಾಯ ಮಾಡಬೇಕು. ಇದಕ್ಕೆ ಬೊಕ್ಕಸದಿಂದ ಹೆಚ್ಚು ಹಣ ಬೇಕಾಗಿಲ್ಲ. ಸಣ್ಣವನನ್ನು ಉಳಿಸಲು ಇದಕ್ಕಿಂತ ಸುಲಭವಾದ ಕೆಲಸ ನಮಗೆ ಕಾಣುವುದಿಲ್ಲ.

ಅದಾಗುವವರೆಗೆ, ಸಭೆಯಲ್ಲಿ ಇಂಥ ಮಾಲು ಕಳಿಸುವವರು ಯಾರಾದರೂ ಇದ್ದರೆ ಒಂದು ವಿಜ್ಞಾಪನೆ. ೨೦೨೬ರಲ್ಲಿ ಹೋದ ಮಾಲಿಗೆ ಯೂರೋಪಿನ ಆಮದುದಾರರು ಚೀಟಿ ಕೊಳ್ಳುವುದಕ್ಕೆ ೨೦೨೭ರ ಫೆಬ್ರವರಿಯಿಂದ ಮೊದಲೆಂದೂ, ಲೆಕ್ಕ ಒಪ್ಪಿಸುವುದಕ್ಕೆ ಸೆಪ್ಟೆಂಬರ್ ೩೦ ಕಡೆಯ ದಿನವೆಂದೂ ಗೊತ್ತುಮಾಡಿದ್ದಾರೆ. ಅದಕ್ಕೆ ಮುಂಚೆಯೇ ತಮಗೆ ಪ್ರಶ್ನಾವಳಿ ಬರುತ್ತದೆ. ರಾಡು ಕೊಂಡ ಪ್ರತಿ ಬಿಲ್ಲನ್ನೂ, ಅದರೊಡನೆ ಬಂದ ಕಾರ್ಖಾನೆಯ ಪರೀಕ್ಷಾಪತ್ರವನ್ನೂ, ಅದರಲ್ಲಿರುವ ಹೀಟ್ ನಂಬರನ್ನೂ, ಕುಲುಮೆಗೆ ತಂದ ಗ್ಯಾಸಿನ ರಶೀದಿಯನ್ನೂ ತಿಂಗಳವಾರು ಫೈಲು ಮಾಡಿಡಿ. ಯಾವ ರಾಡಿನಿಂದ ಯಾವ ಪೆಟ್ಟಿಗೆಯ ಬೋಲ್ಟು ಆಯಿತೆಂಬುದನ್ನು ಅಂದಂದೇ ಬರೆದಿಡಿ. ಆರು ತಿಂಗಳಾದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ. ಪ್ರಶ್ನಾವಳಿ ಇಂಗ್ಲಿಷಿನಲ್ಲಿರುತ್ತದೆ. ತುಂಬಲು ತೊಡಕಾದವರು ಸಂಘದ ಕಚೇರಿಗೆ ತಂದರೆ, ಹಡಗು ಕಂಪೆನಿಗಳ ಕೆಲಸದಿಂದ ನಿವೃತ್ತರಾದ ನಮ್ಮ ಹಿರಿಯ ಸದಸ್ಯರು ಕೂತು ಓದಿ ಹೇಳಲು ಒಪ್ಪಿದ್ದಾರೆ.